ಪಕ್ಕದ ಮರ ಬಿದ್ದ ವರ್ಷ

ಮರದ ಕಾಂಡವನ್ನು ಅಡ್ಡಕ್ಕೆ ಕೊಯ್ದರೆ ಉಂಗುರಗಳು ಕಾಣುತ್ತವೆ. ಒಂದು ಉಂಗುರಕ್ಕೆ ಒಂದು ವರ್ಷ. ಎಣಿಸಿದರೆ ಮರದ ವಯಸ್ಸು ಸಿಗುತ್ತದೆ. ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಇಷ್ಟು. ಉಂಗುರಗಳೆಲ್ಲ ಒಂದೇ ಸಮ ಏಕಿಲ್ಲ, ಕೆಲವು ಅಕ್ಕಿಕಾಳಿನಷ್ಟು ಅಗಲ, ಕೆಲವು ಕೂದಲೆಳೆಯಷ್ಟು ತೆಳು ಏಕೆ ಎಂಬುದನ್ನು ಪಾಠ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ವಯಸ್ಸು ಎಣಿಸುವುದನ್ನು ಬಿಟ್ಟು ಅಗಲವನ್ನು ಓದತೊಡಗಿದರೆ ಮರ ತನ್ನ ಕಥೆಯ ಜೊತೆಗೆ ನೆರೆಹೊರೆಯ ಕಥೆಯನ್ನೂ ಹೇಳತೊಡಗುತ್ತದೆ. ಸಸ್ಯಶಾಸ್ತ್ರ ಓದಿದ ನನಗೆ ಈ ವಿಷಯ ಬಹಳ ದಿನಗಳಿಂದ ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತಿದೆ. ಅದು ವಿಜ್ಞಾನದ ಪ್ರಶ್ನೆಯಲ್ಲ, ನೀತಿಯದು. ಇನ್ನೊಬ್ಬರು ಇಲ್ಲವಾದದ್ದರಿಂದ ನನಗೊಂದು ಒಳಿತಾಗಿದೆ. ಅವರು ಇಲ್ಲವಾದದ್ದರಲ್ಲಿ ನನ್ನ ಕೈಯೇನೂ ಇಲ್ಲ. ಹಾಗಿದ್ದರೂ ನಾನು ಯಾರಿಗಾದರೂ ಏನನ್ನಾದರೂ ಸಲ್ಲಿಸಬೇಕೇ?

ಮೊದಲು ಮರದ ಮಾತು ಮುಗಿಸುತ್ತೇನೆ. ತೊಗಟೆಗೂ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಎಂಬ ತೆಳುವಾದ ಜೀವಂತ ಪದರವಿದೆ. ಮರ ದಪ್ಪವಾಗುವುದು ಅಲ್ಲಿ. ನಮ್ಮ ತೇಗವನ್ನೇ ನೋಡಿ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಚಿಗುರಿ, ನೀರು ಸಾಗಿಸುವ ದೊಡ್ಡ ನಾಳಗಳ ಒಂದು ಸಾಲನ್ನು ಕಟ್ಟುತ್ತದೆ. ಋತು ಮುಂದುವರಿದಂತೆ ನಾಳಗಳು ಸಣ್ಣದಾಗಿ ಕಟ್ಟಿಗೆ ಬಿಗಿಯಾಗುತ್ತದೆ. ಮರುವರ್ಷ ಮತ್ತೆ ದೊಡ್ಡ ನಾಳಗಳ ಸಾಲು. ಹಳೆಯ ಮನೆಗಳ ತೇಗದ ತೊಲೆಯ ತುದಿಯಲ್ಲಿ ಬರಿಗಣ್ಣಿಗೆ ಕಾಣುವ ಸೂಜಿಮೊನೆಯಂಥ ರಂಧ್ರಗಳ ಸಾಲು ಇದೇ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಬಹಳಷ್ಟು ಮರಗಳಲ್ಲಿ ಇಷ್ಟು ಸ್ಪಷ್ಟವಾದ ವರ್ಷದ ಗೆರೆ ಮೂಡುವುದಿಲ್ಲ. ಹಾಗಾಗಿ ಉಂಗುರ ಓದುವ ವಿದ್ಯೆ ಹೆಚ್ಚು ಬೆಳೆದದ್ದು ಚಳಿಗಾಲದಲ್ಲಿ ಮರದ ಬೆಳವಣಿಗೆ ಪೂರ್ತಿ ನಿಂತುಹೋಗುವ ದೇಶಗಳಲ್ಲಿ.

ಓದುವುದಕ್ಕೆ ಮರ ಕಡಿಯಬೇಕಾಗಿಲ್ಲ. ಒಂದು ಟೊಳ್ಳು ಉಕ್ಕಿನ ಕೊಳವೆಯನ್ನು ಕೈಯಲ್ಲೇ ತಿರುಗಿಸುತ್ತ ಕಾಂಡದೊಳಕ್ಕೆ ಇಳಿಸುತ್ತಾರೆ. ತೊಗಟೆಯಿಂದ ಮರದ ನಡುವಿನವರೆಗಿನ, ಪೆನ್ಸಿಲಿಗಿಂತ ತೆಳುವಾದ ಒಂದು ಕಡ್ಡಿ ಹೊರಬರುತ್ತದೆ. ಅದನ್ನು ನುಣ್ಣಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಉಂಗುರದಿಂದ ಉಂಗುರಕ್ಕೆ ಅಳೆಯುತ್ತಾರೆ. ಮುನ್ನೂರು ವರ್ಷದ ಬಾಳು ಒಂದು ಗೇಣಿನಷ್ಟು ಕಡ್ಡಿಯಲ್ಲಿ ಬಂದುಬಿಡುತ್ತದೆ.

ಈ ವಿದ್ಯೆಗೆ ತಳಹದಿ ಹಾಕಿದ ಎ. ಇ. ಡಗ್ಲಾಸ್ ಮೂಲತಃ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಏರಿಳಿತ ಭೂಮಿಯ ಮಳೆಯ ಮೇಲೆ ಪರಿಣಾಮ ಮಾಡುತ್ತದೆಯೇ ಎಂದು ತಿಳಿಯಲು ಆತ 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಅರಿಜೋನದ ಪೈನ್ ಮರಗಳನ್ನು ಓದತೊಡಗಿದ. 1937ರಲ್ಲಿ ಅರಿಜೋನ ವಿಶ್ವವಿದ್ಯಾಲಯದಲ್ಲಿ ಮರದ ಉಂಗುರಗಳಿಗೇ ಮೀಸಲಾದ ಪ್ರಯೋಗಾಲಯ ಸ್ಥಾಪಿಸಿದ. ಆತನಿಗೂ ಆತನ ದಾರಿ ಹಿಡಿದವರಿಗೂ ಬೇಕಿದ್ದದ್ದು ಹವಾಮಾನದ ಸುದ್ದಿ. ಬರ ಬಂದರೆ ಊರಿನ ಮರಗಳೆಲ್ಲ ಒಟ್ಟಿಗೆ ಸೊರಗುತ್ತವೆ. ಒಳ್ಳೆಯ ಮಳೆಯಾದರೆ ಒಟ್ಟಿಗೆ ಹಿಗ್ಗುತ್ತವೆ. ಆ ಸಮಾನ ದನಿ ಕೇಳಬೇಕಾದರೆ ಒಂದೊಂದು ಮರದ ಖಾಸಗಿ ಗಲಾಟೆ ಅಡ್ಡ ಬರಬಾರದು. ಅದಕ್ಕೆಂದು ಅವರು ಅಕ್ಕಪಕ್ಕ ಬೇರೆ ಮರವಿಲ್ಲದೆ ಬಂಡೆಗಳ ನಡುವೆ ಒಂಟಿಯಾಗಿ ನಿಂತ ಮರಗಳನ್ನೇ ಹುಡುಕುತ್ತಾರೆ. ಕಾಡಿನೊಳಗಿನ ಮರವಾದರೆ, ನೆರೆಮರಗಳಿಂದಾದ ಏರುಪೇರನ್ನು ಲೆಕ್ಕಾಚಾರ ಮಾಡಿ ತೆಗೆದುಹಾಕುತ್ತಾರೆ. ನೆರೆಹೊರೆ ಎಂದರೆ ಅವರಿಗೆ ಗದ್ದಲ.

ಅವರು ಬಿಸಾಡಿದ ಗದ್ದಲವನ್ನೇ ಕಾಡಿನ ಇತಿಹಾಸ ಹುಡುಕುವ ಇನ್ನೊಂದು ಗುಂಪಿನ ವಿಜ್ಞಾನಿಗಳು ಎತ್ತಿಕೊಂಡರು. ಅವರು ಹುಡುಕುವುದು ಹೀಗೆ. ದೊಡ್ಡ ಮರದ ನೆರಳಲ್ಲಿ ಬೆಳೆಯುವ ಮರಕ್ಕೆ ವರ್ಷವರ್ಷವೂ ತೆಳು ಉಂಗುರ. ಒಂದು ದಿನ ಆ ದೊಡ್ಡ ಮರ ಗಾಳಿಗೋ ರೋಗಕ್ಕೋ ಉರುಳುತ್ತದೆ. ಮೇಲೆ ಆಕಾಶ ತೆರೆದುಕೊಳ್ಳುತ್ತದೆ. ಕೆಳಗಿದ್ದ ಮರದ ಉಂಗುರ ಥಟ್ಟನೆ ಅಗಲವಾಗುತ್ತದೆ, ಅಗಲವಾಗಿಯೇ ಉಳಿಯುತ್ತದೆ. ಇದಕ್ಕೆ ಅವರಿಟ್ಟ ಹೆಸರು ‘ರಿಲೀಸ್’, ಕನ್ನಡದಲ್ಲಿ ಬಿಡುಗಡೆ. ಒಂದೆರಡು ವರ್ಷ ಮಳೆ ಚೆನ್ನಾಗಿದ್ದರೂ ಉಂಗುರ ಅಗಲವಾಗುವುದುಂಟು. ಹಾಗಾಗಿ ಬಿಡುಗಡೆ ಎನ್ನಬೇಕಾದರೆ ಕಟ್ಟುನಿಟ್ಟಿನ ಅಳತೆ ಬೇಕು. ಲಾರಿಮರ್ ಮತ್ತು ಫ್ರೆಲಿಚ್ 1989ರಲ್ಲಿ ಹಾಕಿಕೊಟ್ಟ ಅಳತೆಯಲ್ಲಿ, ಹಿಂದಿನ 15 ವರ್ಷಗಳ ಸರಾಸರಿಗಿಂತ ಮುಂದಿನ 15 ವರ್ಷಗಳ ಸರಾಸರಿ ಎರಡು ಪಟ್ಟಾಗಿದ್ದರೆ ಅದು ದೊಡ್ಡ ಬಿಡುಗಡೆ. ನೊವಾಕಿ ಮತ್ತು ಅಬ್ರಾಮ್ಸ್ 1997ರಲ್ಲಿ ಓಕ್ ಮರಗಳಿಗೆಂದು ಮಾಡಿದ ಅಳತೆಯಲ್ಲಿ ಹತ್ತು ವರ್ಷಗಳ ಸರಾಸರಿಗಳನ್ನು ಹೋಲಿಸುತ್ತಾರೆ, ಶೇ. 25ರಷ್ಟು ಏರಿಕೆ ಕಂಡರೂ ಲೆಕ್ಕಕ್ಕೆ ಹಿಡಿಯುತ್ತಾರೆ. ಮಳೆ ಹದಿನೈದು ವರ್ಷ ಒಂದೇ ಸಮ ಒಲಿಯುವುದಿಲ್ಲ. ಅಷ್ಟು ದೀರ್ಘವಾದ ಸುಭಿಕ್ಷಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ಪಕ್ಕದವರು ಯಾರೋ ಹೋಗಿದ್ದಾರೆ.

ಇದರ ಅತಿ ದೊಡ್ಡ ಉದಾಹರಣೆ ಅಮೆರಿಕದ ಚೆಸ್ಟ್‌ನಟ್. ಆ ದೇಶದ ಪೂರ್ವಭಾಗದ ಅಪಲಾಚಿಯನ್ ಬೆಟ್ಟಸಾಲಿನ ಹಲವೆಡೆ ನಾಲ್ಕು ಮರಗಳಲ್ಲಿ ಒಂದು ಚೆಸ್ಟ್‌ನಟ್ ಇತ್ತೆಂಬ ಅಂದಾಜಿದೆ. ಬೆಟ್ಟದ ಜನ ಅದರ ಕಾಯಿ ತಿನ್ನುತ್ತಿದ್ದರು, ಮಾರುತ್ತಿದ್ದರು, ಹಂದಿಗಳನ್ನು ಅದರಲ್ಲೇ ಮೇಯಿಸುತ್ತಿದ್ದರು. ಮನೆ, ಬೇಲಿ ಎಲ್ಲಕ್ಕೂ ಅದೇ ಕಟ್ಟಿಗೆ. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕೆಲವು ಚೆಸ್ಟ್‌ನಟ್ ಮರಗಳು ಒಣಗುತ್ತಿರುವುದು ಕಣ್ಣಿಗೆ ಬಿತ್ತು. ಏಷ್ಯಾದಿಂದ ತರಿಸಿದ ಗಿಡಗಳ ಜೊತೆ ಬಂದ ಶಿಲೀಂಧ್ರ ಅದಕ್ಕೆ ಕಾರಣ. 1950ರ ಹೊತ್ತಿಗೆ ಸುಮಾರು 400 ಕೋಟಿ ಮರಗಳು ಸತ್ತಿದ್ದವು. ಆ ಬೆಟ್ಟಗಳಲ್ಲಿ ಉಳಿದ ಓಕ್ ಮತ್ತಿತರ ಮರಗಳ ಕಡ್ಡಿ ತೆಗೆದು ನೋಡಿದವರಿಗೆ ಶಿಲೀಂಧ್ರ ಹಾದುಹೋದ ವರ್ಷಗಳ ಬೆನ್ನಲ್ಲೇ ಉಂಗುರ ಅಗಲವಾದದ್ದು ಕಾಣಿಸಿತು. ಓಕ್ ಮರಗಳಿಗೆ ಅದು ಸಮೃದ್ಧಿಯ ಕಾಲ. ಒಂದು ಜಾತಿಯೇ ಅಳಿದ ಸುದ್ದಿ ಇನ್ನೊಂದರ ಮೈಯಲ್ಲಿ ಒಳ್ಳೆಯ ವರ್ಷಗಳಾಗಿ ಬರೆದುಕೊಂಡಿದೆ.

ಓಕ್ ಚೆಸ್ಟ್‌ನಟ್ಟನ್ನು ಕೊಲ್ಲಲಿಲ್ಲ. ಅದು ಸಾಯಲಿ ಎಂದು ಬಯಸಲೂ ಇಲ್ಲ. ಮರಕ್ಕೆ ಬಯಕೆ ಎಲ್ಲಿಯದು? ಮರದ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಮುಗಿಯುವುದಿಲ್ಲ, ಏಕೆಂದರೆ ನನ್ನಲ್ಲೂ ಅಂಥ ಅಗಲ ಉಂಗುರಗಳಿವೆ. ಮರಕ್ಕೆ ಓದು ಬರುವುದಿಲ್ಲ, ನನಗೆ ಬರುತ್ತದೆ.

ಇಂಥ ಕಡೆ ನಾವು ಕಾಡನ್ನು ಕರೆದು ಸಾಕ್ಷಿ ಹೇಳಿಸುವ ಅಭ್ಯಾಸವಿದೆ. ಒಂದು ಸಾಕ್ಷಿ ಹೀಗೆ: ಪ್ರಕೃತಿಯೆಂದರೆ ಪೈಪೋಟಿ, ಒಬ್ಬ ಬಿದ್ದರೆ ಇನ್ನೊಬ್ಬ ಏಳುತ್ತಾನೆ, ಅದರಲ್ಲಿ ಕೊರಗುವುದೇನಿದೆ? ಇನ್ನೊಂದು ಈಚಿನದು: ಕಾಡೆಂದರೆ ಪ್ರೀತಿಯ ಕುಟುಂಬ, ತಾಯಿಮರಗಳು ನೆಲದಡಿಯ ಶಿಲೀಂಧ್ರದ ಎಳೆಗಳ ಮೂಲಕ ಮಕ್ಕಳಿಗೆ ಉಣಿಸುತ್ತವೆ, ನಾವು ಅವುಗಳಿಂದ ಕಲಿಯಬೇಕು. ಈ ಎರಡನೆಯದಕ್ಕೆ ಸುಜೇನ್ ಸಿಮಾರ್ಡ್ 1997ರಲ್ಲಿ ಬರ್ಚ್ ಮತ್ತು ಫರ್ ಮರಗಳ ಮೇಲೆ ಮಾಡಿದ ಪ್ರಯೋಗ ಮೂಲ. ಆದರೆ ಅದರ ಮೇಲೆ ಕಟ್ಟಿದ ಕಥೆ ಪುರಾವೆಗಿಂತ ಬಹಳ ದೊಡ್ಡದಾಗಿ ಬೆಳೆದಿದೆ ಎಂದು ಅದೇ ಕ್ಷೇತ್ರದ ಕಾರ್ಸ್ಟ್ ಮತ್ತು ಸಂಗಡಿಗರು 2023ರಲ್ಲಿ ವಿವರವಾಗಿ ತೋರಿಸಿದರು. ಎರಡು ಸಾಕ್ಷಿಗಳೂ ನಮಗೆ ಬೇಕಾದ್ದನ್ನೇ ಹೇಳುತ್ತವೆ. ಮೊದಲನೆಯದು ಹಂಗು ಹರಿದುಕೊಳ್ಳಲು ಅನುಕೂಲ, ಎರಡನೆಯದು ಕಣ್ಣು ತೇವ ಮಾಡಿಕೊಳ್ಳಲು ಅನುಕೂಲ.

ಉಂಗುರಗಳು ಎರಡೂ ಕಡೆ ಸೇರುವುದಿಲ್ಲ. ಜರ್ಮನಿಯ ಹಾನ್ಸ್ ಪ್ರೆಚ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ನನಗಿಷ್ಟ. ಸ್ಪ್ರೂಸ್, ಬೀಚ್, ಓಕ್ ಎಂಬ ಮೂರು ಮರಗಳು ತಮ್ಮದೇ ಜಾತಿಯ ನಡುವೆ ಬೆಳೆದಾಗ ಹೇಗೆ, ಬೇರೆ ಜಾತಿಯ ಜೊತೆ ಬೆಳೆದಾಗ ಹೇಗೆ ಎಂದು ಅವರು 1976 ಮತ್ತು 2003ರಂಥ ಬರಗಾಲದ ವರ್ಷಗಳ ಉಂಗುರ ತೆಗೆದು ನೋಡಿದರು. ಬೀಚ್ ತನ್ನವರ ನಡುವೆ ಇದ್ದಾಗ ಬರದಲ್ಲಿ ಹೆಚ್ಚು ಸೊರಗಿತ್ತು. ಬೇರೆ ಜಾತಿಯ, ಅದರಲ್ಲೂ ಓಕ್‌ನ ಪಕ್ಕದಲ್ಲಿದ್ದಾಗ ತಡೆದುಕೊಂಡಿತ್ತು. ಓಕ್‌ನ ಬೇರು ಆಳದ ನೀರನ್ನು ಮೇಲಕ್ಕೆ ತಂದು ಮೇಲ್ಮಣ್ಣನ್ನು ತುಸು ತೇವವಾಗಿ ಇಡುವುದು ಒಂದು ಕಾರಣವಿರಬಹುದೆಂದು ಅವರ ಊಹೆ. ಓಕ್ ಇದನ್ನು ದಯೆಯಿಂದ ಮಾಡುವುದಿಲ್ಲ. ಅದಕ್ಕೆ ಅದರಿಂದ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ. ಒಳ್ಳೆಯ ಮಳೆಯ ವರ್ಷ ಬೆಳಕಿಗಾಗಿ ಒಂದನ್ನೊಂದು ನೂಕುವ ಎರಡು ಮರಗಳು ಕೆಟ್ಟ ವರ್ಷ ಒಂದಕ್ಕೊಂದು ಆಸರೆಯಾಗಬಲ್ಲವು. ಪಕ್ಕದ ಮರ ಮಿತ್ರನೋ ಶತ್ರುವೋ ಎಂದು ಒಂದು ವರ್ಷದ ಉಂಗುರ ನೋಡಿ ತೀರ್ಮಾನಿಸಲು ಬರುವುದಿಲ್ಲ. ನೆರೆತನಕ್ಕೆ ಸ್ವಭಾವವಿಲ್ಲ, ಚರಿತ್ರೆ ಇದೆ.

ಮನುಷ್ಯರ ವಿಷಯದಲ್ಲೂ ಇದನ್ನೇ ಮಾಡಬೇಕು: ಸ್ವಭಾವದ ಮಾತು ಬಿಟ್ಟು ಚರಿತ್ರೆ ನೋಡಬೇಕು. ನನ್ನ ಮನೆಯದನ್ನೇ ಹೇಳುತ್ತೇನೆ.

ನಮ್ಮಪ್ಪ ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಮನೆಗೆ ಸ್ವಲ್ಪ ಗದ್ದೆ, ಸ್ವಲ್ಪ ಅಡಿಕೆ. ಒಬ್ಬ ಮಗನನ್ನು ಪೇಟೆಯಲ್ಲಿಟ್ಟು ಓದಿಸಬಹುದಾಗಿತ್ತು, ಇಬ್ಬರನ್ನು ಆಗುತ್ತಿರಲಿಲ್ಲ. ಓದುವವರು ದೊಡ್ಡಪ್ಪ, ಗದ್ದೆ ನೋಡಿಕೊಳ್ಳುವವರು ಅಪ್ಪ ಎಂದು ತೀರ್ಮಾನವಾಗಿತ್ತು. ದೊಡ್ಡಪ್ಪ ಒಂದು ವರ್ಷ ಹೈಸ್ಕೂಲು ಓದಿ ರಜೆಗೆ ಬಂದವರು ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಮುಂದಿನ ಜೂನಿನಲ್ಲಿ ಅವರ ಟ್ರಂಕನ್ನೇ ತೆಗೆದುಕೊಂಡು ಅಪ್ಪ ಪೇಟೆಗೆ ಹೋದರು. ಓದಿ ಮೇಷ್ಟರಾದರು. ನಾವು ಮಕ್ಕಳು ಪೇಟೆಯಲ್ಲಿ ಹುಟ್ಟಿ ಪೇಟೆಯಲ್ಲೇ ಓದಿದೆವು. ಆ ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡಪ್ಪನ ಹೆಸರಿತ್ತು. ಅಪ್ಪ ಎರಡು ಸಲ ಟ್ರಂಕಿಗೆ ಬಣ್ಣ ಹೊಡೆಸಿದರೂ ಆ ಹೆಸರಿನ ಸುತ್ತ ಬಿಟ್ಟು ಹೊಡೆಸಿದರು. ನಿವೃತ್ತಿಯ ದಿನ ಯಾರೋ ಅವರನ್ನು ಸ್ವಂತ ಪರಿಶ್ರಮದಿಂದ ಮೇಲೆ ಬಂದವರೆಂದು ಹೊಗಳಿದಾಗ, “ಅದು ಅಣ್ಣನ ಜಾಗ” ಎಂದಷ್ಟೇ ಹೇಳಿ ಕುಳಿತರು.

ಅಪ್ಪನ ಪರಿಶ್ರಮ ಸುಳ್ಳಾಗಿರಲಿಲ್ಲ. ಬೆಳಕು ಬಿದ್ದ ಮಾತ್ರಕ್ಕೆ ಉಂಗುರ ಅಗಲವಾಗುವುದಿಲ್ಲ, ಎಲೆ ದುಡಿಯಬೇಕು. ನೆರಳಲ್ಲಿ ಬಹುಕಾಲ ನಿಂತು ಸತ್ವ ಕಳೆದುಕೊಂಡ ಮರಗಳು ಆಕಾಶ ತೆರೆದ ಮೇಲೂ ಚೇತರಿಸಿಕೊಳ್ಳದೆ ಹೋಗುವುದುಂಟು. ಆದರೂ ಎಲೆ ದುಡಿದದ್ದನ್ನೂ ಬೆಳಕು ಬಂದದ್ದನ್ನೂ ಬೇರೆ ಬೇರೆಯಾಗಿ ಬರೆಯಬೇಕು. ‘ಸ್ವಂತ ಪರಿಶ್ರಮ’ ಎಂಬ ಮಾತು ಎರಡನ್ನೂ ಒಂದೇ ಖಾತೆಗೆ ಹಾಕಿಬಿಡುತ್ತದೆ. ಅಪ್ಪ ಆ ಖಾತೆಯನ್ನು ಒಪ್ಪಲಿಲ್ಲ.

ಹಾಗಾದರೆ ಅಪ್ಪನ ಮೇಲೆ ಇದ್ದದ್ದು ಏನು? ತಪ್ಪು ಎನ್ನಲಾಗದು. ತಪ್ಪಿಗೆ ಮಾಡಿದ ಕೆಲಸವೊಂದು ಬೇಕು. ಹದಿಮೂರು ವರ್ಷದ ಹುಡುಗ ಏನೂ ಮಾಡಿರಲಿಲ್ಲ. ಕೃತಜ್ಞತೆ ಎಂದರೂ ಹೊಂದುವುದಿಲ್ಲ. ಕೃತಜ್ಞತೆ ಸಲ್ಲುವುದು ಕೊಟ್ಟವರಿಗೆ. ದೊಡ್ಡಪ್ಪ ಏನನ್ನೂ ಕೊಡಲಿಲ್ಲ, ಅವರಿಂದ ಕಿತ್ತುಕೊಳ್ಳಲಾಯಿತು. ನಮ್ಮ ಭಾಷೆಯಲ್ಲಿ ಈ ಎರಡಕ್ಕೂ ನಡುವೆ ಋಣ ಎಂಬ ಮಾತಿದೆ. ಋಣ ಬೀಳಲು ತಪ್ಪು ಮಾಡಿರಬೇಕಾಗಿಲ್ಲ, ಕೇಳಿ ಪಡೆದಿರಬೇಕಾಗಿಯೂ ಇಲ್ಲ. ಹುಟ್ಟಿದ ಮಾತ್ರಕ್ಕೇ ಋಣವಿದೆ ಎಂದು ನಮ್ಮ ಹಿರಿಯರು ಎಣಿಸಿದರು. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ ಎಂದು ಈಗಲೂ ಅನ್ನುತ್ತೇವೆ.

ಆದರೆ ಈ ಮಾತನ್ನು ಎಚ್ಚರದಿಂದ ಬಳಸಬೇಕು. ಋಣ ಎಂದೊಡನೆ ಕೊಟ್ಟು ತೆಗೆದುಕೊಂಡ ವ್ಯವಹಾರವೊಂದು ನಡೆದಿತ್ತೆಂಬ ಭಾವ ಬರುತ್ತದೆ. ‘ಅವನು ಹೋಗಿ ನಿನಗೆ ದಾರಿ ಮಾಡಿಕೊಟ್ಟ’, ‘ಅಷ್ಟೇ ಋಣಾನುಬಂಧ’ ಎಂದು ಸಾವಿನ ಮನೆಯಲ್ಲಿ ಹೇಳುವವರಿದ್ದಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ಸತ್ತವನ ಸಾವನ್ನು ಬದುಕಿದವನ ಬದುಕಿಗೆ ಗೊಬ್ಬರ ಮಾಡಿಬಿಡುತ್ತದೆ. ಚೆಸ್ಟ್‌ನಟ್ ಓಕ್‌ಗಾಗಿ ಸಾಯಲಿಲ್ಲ. ಅದರ ಬೇರುಗಳಿಂದ ಇಂದಿಗೂ ಆ ಕಾಡುಗಳಲ್ಲಿ ಚಿಗುರು ಏಳುತ್ತದೆ. ಒಂದಿಷ್ಟು ಎತ್ತರಕ್ಕೆ ಬಂದು, ಬಹುಪಾಲು ಕಾಯಿ ಬಿಡುವ ಮುಂಚೆಯೇ ಅದೇ ಶಿಲೀಂಧ್ರಕ್ಕೆ ಬಲಿಯಾಗುತ್ತದೆ. ಬದುಕಬೇಕೆಂದಿದ್ದದ್ದು ಸತ್ತಿತು, ಅಷ್ಟೇ. ಆ ನಷ್ಟಕ್ಕೆ ನನ್ನ ಲಾಭ ಸಮಾಧಾನವಾಗಲಾರದು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ದೊಡ್ಡಪ್ಪ ಬದುಕಿದ್ದರೆ ಅಪ್ಪ ಹಳ್ಳಿಯಲ್ಲೇ ಉಳಿಯುತ್ತಿದ್ದರು, ಅಮ್ಮನನ್ನು ಮದುವೆಯಾಗುತ್ತಿರಲಿಲ್ಲ, ನಾನು ಹುಟ್ಟುತ್ತಲೇ ಇರಲಿಲ್ಲ. ನಾನಿರುವುದು ನನಗೆ ಸಂತೋಷವೆಂದರೆ ಆ ಸಾವೂ ನನಗೆ ಸಂತೋಷವೆಂದೇ ಆಗಲಿಲ್ಲವೇ? ಆಗುವುದಿಲ್ಲ ಎಂದು ನನ್ನ ಎಣಿಕೆ. ನನ್ನ ಬದುಕನ್ನು ನಾನು ಪ್ರೀತಿಸುವುದಕ್ಕೆ ಅದಕ್ಕೆ ಕಾರಣವಾದದ್ದನ್ನೆಲ್ಲ ಒಪ್ಪಬೇಕೆಂಬ ನಿಯಮವಿಲ್ಲ. ನಮ್ಮಜ್ಜಿ ಅಪ್ಪನ ಸಂಬಳದ ಮನಿಆರ್ಡರ್ ಬಂದಾಗ ಹಿಗ್ಗುತ್ತಿದ್ದರು. ದೊಡ್ಡಪ್ಪನ ತಿಥಿಯ ದಿನ ಅಳುತ್ತಿದ್ದರು. ಒಂದನ್ನು ಇನ್ನೊಂದರಿಂದ ಕಳೆದು ಉಳಿದದ್ದೆಷ್ಟು ಎಂದು ಅವರು ಲೆಕ್ಕ ಹಾಕಲಿಲ್ಲ. ಎರಡನ್ನೂ ಪೂರ್ತಿಯಾಗಿ ಇಟ್ಟುಕೊಂಡರು.

ರೋಗ ತಂದ ಸಾವಿನಲ್ಲಿ ಇಷ್ಟು ಸಾಕಾಗಬಹುದು: ಲಾಭವನ್ನು ಯೋಗ್ಯತೆ ಎಂದು ಕರೆಯದಿರುವುದು, ಹೋದವರ ಹೆಸರಿನ ಮೇಲೆ ಬಣ್ಣ ಬಳಿಯದಿರುವುದು. ಆದರೆ ಎಲ್ಲ ಮರಗಳೂ ರೋಗದಿಂದ ಬೀಳುವುದಿಲ್ಲ. ಕೆಲವನ್ನು ಯೋಚಿಸಿ, ನಕ್ಷೆ ಬರೆದು, ಸಹಿ ಹಾಕಿ ಬೀಳಿಸಲಾಗುತ್ತದೆ.

ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ತಾಲೂಕುಗಳ ಊರು, ಗದ್ದೆ, ತೋಟ, ಕಾಡು ಹಿನ್ನೀರಿನಡಿ ಹೋದವು. ಅಲ್ಲಿ ಹುಟ್ಟಿದ ವಿದ್ಯುತ್ತು ನಾಡಿನ ಕಾರ್ಖಾನೆಗಳಿಗೆ, ಪಟ್ಟಣಗಳಿಗೆ, ಮನೆಗಳಿಗೆ ಹರಿಯಿತು. ನಾವು ಪೇಟೆಯ ಮಕ್ಕಳು ಓದಿದ್ದು ಆ ಬೆಳಕಿನಲ್ಲೇ. ಬೇಸಿಗೆಯಲ್ಲಿ ನೀರು ಇಳಿದಾಗ ಅಂದು ಮುಳುಗಿದ ಮರಗಳ ಬೋಳು ಕಾಂಡಗಳು ಇಂದಿಗೂ ಹಿನ್ನೀರಿನಲ್ಲಿ ಕಾಣುತ್ತವೆ. ಮುಳುಗಡೆಯಾದವರನ್ನು ಬೇರೆಡೆ ಕಾಡಿನ ಅಂಚಿನಲ್ಲಿ ಕೂರಿಸಲಾಯಿತು. ಆರು ದಶಕ ಕಳೆದರೂ ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವ ಕುಟುಂಬಗಳಿವೆ. ನೀರು ಸುತ್ತುವರಿದ ತುಮರಿ ಭಾಗದ ಜನ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಬೇಕಾದರೂ ಲಾಂಚ್ ಕಾಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರಲ್ಲಿ.

ಇಲ್ಲಿ ಬರಿಯ ನೆನಪು ಸಾಲದು. ಚೆಸ್ಟ್‌ನಟ್ಟಿಗೆ ಬಂದ ಶಿಲೀಂಧ್ರವನ್ನು ಯಾರೂ ಮತ ಹಾಕಿ ಕರೆಸಲಿಲ್ಲ. ಅಣೆಕಟ್ಟನ್ನು ನಮ್ಮ ಹೆಸರಿನಲ್ಲಿ, ನಮಗಾಗಿ ಕಟ್ಟಲಾಯಿತು. ಕಳೆದುಕೊಂಡವರೂ ಅವರ ಮಕ್ಕಳೂ ಬದುಕಿದ್ದಾರೆ, ಏನು ಬಾಕಿ ಇದೆ ಎಂದು ಬಾಯಿಬಿಟ್ಟು ಹೇಳುತ್ತಿದ್ದಾರೆ. ಲಾಭವೂ ನಿಂತಿಲ್ಲ, ಪ್ರತಿ ತಿಂಗಳೂ ಮನೆಗೆ ಬರುತ್ತಿದೆ. ನಾನು ಆಗಿನ್ನೂ ಹುಟ್ಟಿರಲಿಲ್ಲ ಎಂಬುದು ತಪ್ಪಿನಿಂದ ನನ್ನನ್ನು ಬಿಡಿಸುತ್ತದೆ, ಸರಿ. ಬಾಕಿಯಿಂದ ಬಿಡಿಸುವುದಿಲ್ಲ. ಆಸ್ತಿಯನ್ನು ಪಿತ್ರಾರ್ಜಿತವೆಂದು ಒಪ್ಪಿಕೊಂಡವರು ಅದರ ಮೇಲಿನ ಸಾಲವನ್ನು ಮಾತ್ರ ಅಜ್ಜನ ಕಾಲದ್ದೆಂದು ತಳ್ಳಿಹಾಕುವುದು ಹಳ್ಳಿಯ ಪಂಚಾಯಿತಿಯಲ್ಲೂ ನಡೆಯುವುದಿಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಉಂಗುರ ಓದುವವರು ತಮ್ಮ ವಿದ್ಯೆಯ ಮಿತಿಗಳನ್ನು ಚೆನ್ನಾಗಿ ಬಲ್ಲರು. ಆ ಮಿತಿಗಳಲ್ಲಿ ನನಗೆ ಹೆಚ್ಚಿನ ಪಾಠವಿದೆ ಅನ್ನಿಸುತ್ತದೆ.

ಒಂದು ಮಿತಿ: ಅಗಲವಾದ ಉಂಗುರ ಯಾವ ವರ್ಷ ಬೆಳಕು ಬಂತೆಂದು ಹೇಳುತ್ತದೆ, ಯಾರು ಬಿದ್ದರೆಂದು ಹೇಳುವುದಿಲ್ಲ. ಅದಕ್ಕೆ ಬೇರೆ ಕೆಲಸ ಬೇಕು. ಹೆನ್ರಿ ಮತ್ತು ಸ್ವಾನ್ ಎಂಬಿಬ್ಬರು ನ್ಯೂ ಹ್ಯಾಂಪ್‌ಶೈರ್‌ನ ಪಿಸ್ಗಾ ಎಂಬ ಹಳೆಯ ಕಾಡಿನಲ್ಲಿ ಇದನ್ನು ಮಾಡಿ 1974ರಲ್ಲಿ ಪ್ರಕಟಿಸಿದರು. ಆ ಕಾಡನ್ನು 1938ರ ಚಂಡಮಾರುತ ಮಲಗಿಸಿತ್ತು. ಅವರು ಒಂದು ಸಣ್ಣ ತುಂಡು ನೆಲವನ್ನು ಆರಿಸಿಕೊಂಡು ನಿಂತ ಮರ, ಬಿದ್ದ ಮರ, ಮಣ್ಣಲ್ಲಿ ಹೂತು ಕೊಳೆಯುತ್ತಿದ್ದ ತುಂಡು ಎಲ್ಲವನ್ನೂ ಒಂದೊಂದಾಗಿ ಗುರುತಿಸಿ, ಯಾವುದು ಯಾವಾಗ ಬಿತ್ತು, ಅದರಿಂದ ಯಾವುದಕ್ಕೆ ಬೆಳಕಾಯಿತು ಎಂದು ಜೋಡಿಸಿದರು. ಬದುಕಿದವರ ನೆನಪಿನಲ್ಲಿ ಸತ್ತವರ ಹೆಸರು ತಾನಾಗಿ ಉಳಿಯುವುದಿಲ್ಲ. ಮಣ್ಣು ಕೆದಕಬೇಕು.

ಇನ್ನೊಂದು ಮಿತಿ: ಕಡ್ಡಿ ತೆಗೆಯುವುದು ಹೆಚ್ಚಾಗಿ ಇಂದು ನಿಂತಿರುವ ಮರಗಳಿಂದ. ನೆರಳಲ್ಲೇ ಬೆಳೆದು ನೆರಳಲ್ಲೇ ಸತ್ತು ಕೊಳೆತುಹೋದ ಸಾವಿರ ಸಸಿಗಳು ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಬರಿಯ ನಿಂತ ಮರಗಳನ್ನು ಓದಿದವನಿಗೆ ಕಾಡಿನ ಚರಿತ್ರೆ ಇದ್ದದ್ದಕ್ಕಿಂತ ಹಸನಾಗಿ ಕಾಣುತ್ತದೆ. ಗೆದ್ದವರ ಆತ್ಮಕಥೆಗಳನ್ನಷ್ಟೇ ಓದಿದವನಿಗೆ ಲೋಕ ಕಾಣುವಂತೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನನ್ನ ಮೇಲೆ ಬಿದ್ದ ನೆರಳು ನನ್ನ ಉಂಗುರದಲ್ಲಿದೆ. ನನಗೆ ಬಂದ ಬೆಳಕೂ ಇದೆ. ಆದರೆ ನಾನು ಬೆಳೆಯುತ್ತ ಯಾರ ಮೇಲೆ ನೆರಳಾದೆ ಎಂಬುದರ ಗುರುತು ನನ್ನ ಕಟ್ಟಿಗೆಯಲ್ಲಿ ಎಲ್ಲೂ ಇಲ್ಲ. ಅದು ಇರುವುದು ಅವರ ಕಟ್ಟಿಗೆಯಲ್ಲಿ. ಎಷ್ಟೇ ಪ್ರಾಮಾಣಿಕವಾಗಿ ನನ್ನನ್ನು ನಾನು ಓದಿಕೊಂಡರೂ ಅದು ಸಿಗುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ, ಅವರ ಅಕ್ಕ, ನನ್ನ ಅತ್ತೆ, ನಮ್ಮ ಮನೆಯಲ್ಲಿ ಕೆಲವು ದಿನ ಇದ್ದರು. ಟ್ರಂಕಿನ ಮಾತು ಬಂತು. ದೊಡ್ಡಪ್ಪ ತೀರಿಕೊಂಡದ್ದು, ಅಪ್ಪ ಪೇಟೆಗೆ ಹೋದದ್ದು, ‘ಅಣ್ಣನ ಜಾಗ’ ಎಂದದ್ದು ಎಲ್ಲವನ್ನೂ ನಾನು ಹೇಳಿದೆ. ಅತ್ತೆ ಕೇಳಿಸಿಕೊಂಡರು. ಆಮೇಲೆ, ದೂರಿನ ದನಿಯೇ ಇಲ್ಲದೆ ಅಂದರು: “ನಂದು ಹಿಂದಿನ ವರ್ಷವೇ ಏಳನೇ ಕ್ಲಾಸು ಪಾಸಾಗಿತ್ತಲ ಮಾರಾಯ. ನಿನ್ನಪ್ಪನಿಗಿಂತ ಜಾಸ್ತಿ ಮಾರ್ಕು. ಆ ಜಾಗಕ್ಕೆ ನಾನು ಹೋಗಬೌದು ಅಂತ ಯಾರಿಗೂ ಹೊಳೀಲೇ ಇಲ್ಲ. ನಂಗೂ ಹೊಳೀಲಿಲ್ಲ.”

ಅಪ್ಪನ ಕಥೆಯಲ್ಲಿ ಸತ್ತ ಅಣ್ಣನಿದ್ದ. ಆ ಮಟ್ಟಿಗೆ ಅಪ್ಪ ಬಹಳ ಜನರಿಗಿಂತ ಪ್ರಾಮಾಣಿಕರು. ಪಕ್ಕದಲ್ಲೇ ಬದುಕಿದ್ದ ಅಕ್ಕ ಅದರಲ್ಲಿರಲಿಲ್ಲ. ಆಕಾಶ ತೆರೆದಾಗ ಬೆಳಕು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ತುಸು ಎತ್ತರಕ್ಕಿದ್ದವನಿಗೆ ಮೊದಲು ಸಿಗುತ್ತದೆ, ಅವನು ಹರಡಿದಂತೆ ಕೆಳಗಿನವರಿಗೆ ನೆರಳು ಮತ್ತೆ ಕವಿಯುತ್ತದೆ. ಕಾಡಿನಲ್ಲಿ ಯಾರು ತುಸು ಎತ್ತರಕ್ಕಿರುತ್ತಾರೆಂಬುದು ಅದೃಷ್ಟ. ನಮ್ಮ ಮನೆಗಳಲ್ಲಿ ಅದು ಅದೃಷ್ಟವಾಗಿರಲಿಲ್ಲ.

ಅಮೆರಿಕದ ಕಾಡುಗಳಲ್ಲಿ ಹೆಮ್ಲಾಕ್ ಎಂಬ ಮರವಿದೆ. ಅದು ಬೇರೆ ಮರಗಳ ನೆರಳಲ್ಲಿ ನೂರು ವರ್ಷಕ್ಕೂ ಮೀರಿ ಕಾಯಬಲ್ಲದು. ಕೈಬೆರಳಲ್ಲಿ ಸುತ್ತುವರಿಯಬಹುದಾದ ಸಣಕಲು ಕಾಂಡವನ್ನು ನೋಡಿ ಎಳೆಯ ಗಿಡವೆಂದುಕೊಂಡರೆ, ಮಸೂರವಿಟ್ಟು ಎಣಿಸಿದಾಗ ಅದು ತಲೆಯ ಮೇಲಿನ ದೊಡ್ಡ ಮರದ ಓರಗೆಯದೇ ಆಗಿರಬಹುದು. ತೆಳು ಉಂಗುರ ದುರ್ಬಲತೆಯ ಗುರುತಾಗಿರಬೇಕಿಲ್ಲ. ಅಷ್ಟು ಕಡಿಮೆ ಬೆಳಕಿನಲ್ಲಿ ಅಷ್ಟು ವರ್ಷ ಜೀವ ಹಿಡಿದದ್ದರ ಗುರುತೂ ಆಗಿರಬಹುದು. ಪಕ್ಕದವರು ಏಕೆ ಬೆಳೆಯಲಿಲ್ಲ ಎಂದು ಕೇಳುವ ಮುನ್ನ ಅವರ ಮೇಲೆ ಯಾರಿದ್ದರು ಎಂದು ಕೇಳಬೇಕು. ಉತ್ತರ ಕೆಲವೊಮ್ಮೆ ನಾವೇ ಆಗಿರುತ್ತೇವೆ.

ಆರಂಭದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು. ಸಲ್ಲಿಸಬೇಕಾದದ್ದು ಇದೆ. ಹೋದವರಿಗೆ ಅವರ ಹೆಸರು. ಕಳೆದುಕೊಂಡು ಬದುಕಿರುವವರಿಗೆ ಅವರ ಬಾಕಿ. ನೆರಳಲ್ಲಿ ನಿಂತವರಿಗೆ ನಮ್ಮ ಕಿವಿ. ಮೊದಲ ಎರಡನ್ನು ನಮ್ಮನ್ನು ನಾವು ಓದಿಕೊಂಡು ಸ್ವಲ್ಪಮಟ್ಟಿಗೆ ತಿಳಿಯಬಹುದು. ಮೂರನೆಯದನ್ನು ಅವರೇ ಹೇಳಬೇಕು, ಅವರು ಹೇಳುವಾಗ ನಾವು ಸುಮ್ಮನೆ ಕೂತಿರಬೇಕು.